ಕಾರು ಇವರದು, ಬ್ಯಾಟರಿ ಅವರದು: ಹಳೆಯ ಕಂಪನಿಗಳು ಎದುರಾಳಿಗಳಿಂದ ಕೊಳ್ಳುತ್ತಿರುವುದೇನು?

ಹನುಮಂತನಗರದ ನಮ್ಮ ಬೀದಿಯಲ್ಲಿ ನಿವೃತ್ತ ಮೇಷ್ಟ್ರೊಬ್ಬರಿದ್ದಾರೆ. ಹದಿನೆಂಟು ವರ್ಷ ಓಡಿಸಿದ ಪೆಟ್ರೋಲ್ ಕಾರನ್ನು ಕೊಟ್ಟು ಎಲೆಕ್ಟ್ರಿಕ್ ಕಾರು ತಗೊಳ್ಳೋಣವೆಂದು ಒಂದು ಶನಿವಾರ ಪೂರ್ತಿ ಶೋರೂಮ್ ಸುತ್ತಿದರು. ಸಂಜೆ ನಮ್ಮ ಮನೆಗೆ ಬಂದು, ಕೈಯಲ್ಲಿದ್ದ ನಾಲ್ಕು ಕೊಟೇಶನ್ ಕಾಗದಗಳನ್ನು ಟೀಪಾಯಿ ಮೇಲೆ ಹರಡಿದರು.

“ಒಬ್ಬರು ನಮ್ಮ ದೇಶದ್ದೇ ಕಾರು ಅಂತಾರೆ, ಒಳಗಿನ ಬ್ಯಾಟರಿ ಸೆಲ್ ಚೀನಾದ್ದು. ಇನ್ನೊಂದು ಕಾರು ಎರಡು ಜಪಾನ್ ಕಂಪನಿ ಹೆಸರಲ್ಲಿ ಬರುತ್ತೆ, ಗಾಡಿ ಮಾತ್ರ ಒಂದೇ. ಮತ್ತೊಂದರ ಹೆಸರು ಇಂಗ್ಲೆಂಡಿನದು, ಮೂಲ ಚೀನಾ. ಅಲ್ಲಪ್ಪಾ, ನಾನು ಕೊಳ್ಳೋದು ಯಾರ ಕಾರನ್ನ?”

ಈ ಗೊಂದಲ ಮೇಷ್ಟ್ರೊಬ್ಬರದೇ ಅಲ್ಲ. ನೂರು ವರ್ಷ ಕಾರು ಮಾಡಿದ ಅನುಭವವಿರುವ ಕಂಪನಿಗಳು ಮೊನ್ನೆ ಮೊನ್ನೆ ಹುಟ್ಟಿದ ಎದುರಾಳಿಗಳ ಹತ್ತಿರ ಬ್ಯಾಟರಿ, ಸಾಫ್ಟ್‌ವೇರ್, ಕೆಲವೊಮ್ಮೆ ಇಡೀ ಕಾರನ್ನೇ ಕೊಳ್ಳುತ್ತಿವೆ. ಜರ್ಮನಿಯ ಫೋಕ್ಸ್‌ವ್ಯಾಗನ್ ಅಮೆರಿಕದ ಹೊಸ ಎಲೆಕ್ಟ್ರಿಕ್ ಕಾರು ಕಂಪನಿ ರಿವಿಯನ್‌ಗೆ 580 ಕೋಟಿ ಡಾಲರ್‌ವರೆಗೆ ಹಾಕಲು ಒಪ್ಪಿದೆ. ಫಿಯಟ್, ಜೀಪ್, ಪ್ಯೂಜೋ ಮುಂತಾದ ಬ್ರ್ಯಾಂಡ್‌ಗಳ ಒಡೆಯ ಸ್ಟೆಲ್ಲಾಂಟಿಸ್, 2015ರಲ್ಲಿ ಶುರುವಾದ ಚೀನಾದ ಲೀಪ್‌ಮೋಟಾರ್‌ನಲ್ಲಿ 150 ಕೋಟಿ ಯೂರೊ ಹೂಡಿದೆ. ಹೀಗೇಕೆ, ಕೊಳ್ಳುವುದಾದರೂ ಏನನ್ನು, ಕಾರು ತೆಗೆದುಕೊಳ್ಳುವ ನಮಗೆ ಇದರಿಂದ ಏನು? ಬುಡದಿಂದ ನೋಡೋಣ.

ಹಂಚಿಕೊಳ್ಳುವುದು ಹೊಸತಲ್ಲ

ಅಂಬಾಸಿಡರ್ ನಮ್ಮದೇ ಎಂದು ನಾವೆಲ್ಲ ಅಂದುಕೊಂಡಿದ್ದೆವು. ಅದರ ಮೂಲ ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್. ಪದ್ಮಿನಿ ಮೂಲದಲ್ಲಿ ಫಿಯಟ್. 1983ರ ಮಾರುತಿ 800ರ ಬೆನ್ನಿಗೆ ಇದ್ದದ್ದು ಸುಜುಕಿ.

ಇನ್ನೂ ಹತ್ತಿರದ ಉದಾಹರಣೆ ಬೇಕಿದ್ದರೆ, ಕೆಲವು ವರ್ಷಗಳ ಹಿಂದೆ ಏರ್‌ಪೋರ್ಟಿಗೆ ನೀವು ಹಿಡಿದ ಡೀಸೆಲ್ ಸ್ವಿಫ್ಟ್ ಡಿಸೈರ್ ಟ್ಯಾಕ್ಸಿಯನ್ನು ನೆನಪಿಸಿಕೊಳ್ಳಿ. ಅದರ 1.3 ಲೀಟರ್ ಎಂಜಿನ್ ಫಿಯಟ್‌ನ ವಿನ್ಯಾಸ. ಪಕ್ಕದಲ್ಲಿ ನಿಂತಿದ್ದ ಟಾಟಾ ಇಂಡಿಕಾ ವಿಸ್ಟಾದಲ್ಲಿ ಇದ್ದದ್ದೂ ಅದೇ ಎಂಜಿನ್. ಮಾರುತಿ, ಟಾಟಾ, ಫಿಯಟ್ ಮೂವರೂ ಮಾರುಕಟ್ಟೆಯಲ್ಲಿ ಎದುರಾಳಿಗಳು. ಮೂವರ ಬಾನೆಟ್ ಕೆಳಗೂ ಒಂದೇ ಎಂಜಿನ್. 2019ರಲ್ಲಿ ಬಂದ ಟೊಯೋಟಾ ಗ್ಲಾಂಜಾ ಅಂದರೆ ಮಾರುತಿಯ ಬಲೆನೊ. 2022ರಲ್ಲಿ ಮಾರುತಿ ಗ್ರ್ಯಾಂಡ್ ವಿಟಾರಾ ಬಂದಾಗ ಅದು ತಯಾರಾಗುತ್ತಿದ್ದದ್ದು ನಮ್ಮ ಬಿಡದಿಯ ಟೊಯೋಟಾ ಕಾರ್ಖಾನೆಯಲ್ಲಿ.

ಹಾಗಾದರೆ ಈಗ ಬದಲಾಗಿರುವುದೇನು? ನನಗೆ ಕಾಣುವಂತೆ ಎರಡು. ಒಂದು, ಕಲಿಸುವವರೂ ಕಲಿಯುವವರೂ ಜಾಗ ಬದಲಿಸಿದ್ದಾರೆ. ಫೋಕ್ಸ್‌ವ್ಯಾಗನ್ 1984ರಲ್ಲಿ ಶಾಂಘೈನಲ್ಲಿ ಜಂಟಿ ಕಂಪನಿಗೆ ಸಹಿ ಹಾಕಿದಾಗ ಕಾರು ಮಾಡುವುದನ್ನು ಕಲಿತವರು ಚೀನೀಯರು. ಅದೇ ಗುಂಪಿನ ಆಡಿ 2024ರಲ್ಲಿ ಚೀನಾದ ಮಾರುಕಟ್ಟೆಗೆಂದು ಎಲೆಕ್ಟ್ರಿಕ್ ಕಾರು ಮಾಡಲು ಶಾಂಘೈನ ಸಾಯಿಕ್ ಕಂಪನಿಯ ಜೊತೆ ಕೈಜೋಡಿಸಿತು. ಆ ಕಾರುಗಳ ಮೇಲೆ ಆಡಿಯ ನಾಲ್ಕು ಉಂಗುರಗಳೂ ಇಲ್ಲ, ಬರೀ ಹೆಸರಿನ ಅಕ್ಷರಗಳಿವೆ. ಎರಡನೆಯದು ಇನ್ನೂ ಮುಖ್ಯ. ಎಂಜಿನ್ ತಂತ್ರಜ್ಞಾನವನ್ನು ಒಮ್ಮೆ ಕೊಂಡು ಮಾಡಲು ಕಲಿತರೆ ಮುಗಿಯಿತು. ಬ್ಯಾಟರಿ ಸೆಲ್ಲನ್ನು ಕಾರು ಕಾರಿಗೂ ತರಿಸುತ್ತಲೇ ಇರಬೇಕು. ಸಾಫ್ಟ್‌ವೇರನ್ನು ಕಾರು ಮಾರಿದ ಮೇಲೂ ವರ್ಷಗಟ್ಟಲೆ ತಿದ್ದುತ್ತಲೇ ಇರಬೇಕು. ಕೊಂಡವರ ಕೈ ಕೊಟ್ಟವರ ಕೈಯೊಳಗೇ ಉಳಿಯುತ್ತದೆ.

ಎಂಜಿನ್ ಹೋದರೆ ಕಂಪನಿಗೆ ಉಳಿಯುವುದೇನು?

ಪೆಟ್ರೋಲ್ ಕಾರಿನಲ್ಲಿ ಸಾವಿರಾರು ಭಾಗಗಳಿರುತ್ತವೆ. ಅವೆಲ್ಲವನ್ನೂ ಕಾರು ಕಂಪನಿಯೇ ಮಾಡುವುದಿಲ್ಲ. ಬ್ರೇಕು, ಸೀಟು, ಹೆಡ್‌ಲೈಟು, ಡೀಸೆಲ್ ಪಂಪು ಹೊರಗಿನ ತಯಾರಕರಿಂದ ಬರುತ್ತವೆ. ಆಡುಗೋಡಿಯ ಬಾಷ್ ಕಾರ್ಖಾನೆಯನ್ನು ‘ಮೈಕೊ’ ಎಂದು ಕರೆಯುತ್ತಿದ್ದ ತಲೆಮಾರಿಗೆ ಇದನ್ನು ಹೇಳಬೇಕಿಲ್ಲ. ಆದರೆ ಎಂಜಿನ್ನನ್ನು ದೊಡ್ಡ ಕಂಪನಿಗಳು ಬಹುಮಟ್ಟಿಗೆ ತಾವೇ ಮಾಡಿಕೊಳ್ಳುತ್ತಿದ್ದವು. ಪಿಸ್ಟನ್, ವಾಲ್ವ್, ಕ್ರ್ಯಾಂಕ್‌ಶಾಫ್ಟ್, ಗೇರು ಇವನ್ನೆಲ್ಲ ಸದ್ದಿಲ್ಲದೆ, ಬಿಸಿಗೆ ಬಾಗದೆ, ಲಕ್ಷ ಕಿಲೋಮೀಟರ್ ಓಡುವಂತೆ ಕೂಡಿಸುವುದು ದಶಕಗಳ ವಿದ್ಯೆ. ಹೊಸಬರು ಆ ಧಂದೆಗೆ ಸುಲಭವಾಗಿ ಕಾಲಿಡದಂತೆ ತಡೆದದ್ದೂ ಅದೇ.

ಎಲೆಕ್ಟ್ರಿಕ್ ಕಾರಿನಲ್ಲಿ ಆ ವಿದ್ಯೆಗೆ ಕೆಲಸವಿಲ್ಲ. ಮೋಟಾರಿನಲ್ಲಿ ತಿರುಗುವ ಭಾಗ ಬೆರಳೆಣಿಕೆಯಷ್ಟು. ಮಿಕ್ಸಿಯಲ್ಲೂ ಇರುವುದು ಮೋಟಾರೇ. ಕಾರಿನದು ಅದಕ್ಕಿಂತ ಬಹಳ ದೊಡ್ಡದು, ಬಹಳ ನಾಜೂಕಿನದು, ಆದರೆ ಎಂಜಿನ್ನಿನಷ್ಟು ಗೋಜಲಲ್ಲ. ಕಷ್ಟವೆಲ್ಲ ಬೇರೆ ಎರಡು ಕಡೆಗೆ ಹೋಗಿ ಕೂತಿದೆ: ಒಂದು ಬ್ಯಾಟರಿಯ ರಸಾಯನಶಾಸ್ತ್ರ, ಇನ್ನೊಂದು ಸಾಫ್ಟ್‌ವೇರ್. ಎರಡರಲ್ಲೂ ಹಳೆಯ ಕಂಪನಿಗಳು ಹೊಸ ವಿದ್ಯಾರ್ಥಿಗಳು.

ಕಲಿಯುವುದಕ್ಕೆ ದುಡ್ಡು, ಸಮಯ ಎರಡೂ ಬೇಕು. ಫೋರ್ಡ್‌ನ ಎಲೆಕ್ಟ್ರಿಕ್ ವಿಭಾಗ 2024ರ ಒಂದೇ ವರ್ಷದಲ್ಲಿ 500 ಕೋಟಿ ಡಾಲರ್‌ಗೂ ಹೆಚ್ಚು ನಷ್ಟ ಕಂಡಿತು. ಹಳೆಯ ಪದ್ಧತಿಯಲ್ಲಿ ಹೊಸ ಕಾರೊಂದು ಕಾಗದದಿಂದ ರಸ್ತೆಗೆ ಬರಲು ನಾಲ್ಕೈದು ವರ್ಷ ಬೇಕು. ಚೀನಾದ ಹೊಸ ಕಂಪನಿಗಳು ಅದನ್ನು ಸುಮಾರು ಎರಡು ವರ್ಷಕ್ಕೆ ಇಳಿಸಿವೆ. ಇತ್ತ ಹಲವು ದೇಶಗಳಲ್ಲಿ ಹೊಗೆಯ ನಿಯಮಗಳು ಬಿಗಿಯಾಗುತ್ತ ಬಂದವು. ಹೀಗಿರುವಾಗ ಬಾವಿ ತೋಡಲು ಕೂರುವುದಕ್ಕಿಂತ ಪಕ್ಕದ ಮನೆಯಿಂದ ಎರಡು ಬಿಂದಿಗೆ ತರುವುದು ವಾಸಿ ಎಂದು ಅವರಿಗೆ ಅನ್ನಿಸಿದೆ.

ಬ್ಯಾಟರಿ: ಬೆಲೆಯ ಮೂರರಲ್ಲೊಂದು ಪಾಲು

ಮೊದಲು ಎರಡು ಪದ ಬಿಡಿಸಿಕೊಳ್ಳೋಣ. ‘ಸೆಲ್’ ಅಂದರೆ ವಿದ್ಯುತ್ತನ್ನು ಹಿಡಿದಿಡುವ ಒಂದು ಘಟಕ, ಟಾರ್ಚಿಗೆ ಹಾಕುವ ಸೆಲ್ಲಿನ ದೊಡ್ಡ ಬಳಗದ್ದು. ಅಂಥ ಹತ್ತಾರು, ಕೆಲವೊಮ್ಮೆ ಸಾವಿರಾರು ಸೆಲ್‌ಗಳನ್ನು ಜೋಡಿಸಿ, ತಂಪು ಮಾಡುವ ವ್ಯವಸ್ಥೆ, ಕಾವಲು ಕಾಯುವ ಎಲೆಕ್ಟ್ರಾನಿಕ್ಸ್ ಸೇರಿಸಿ, ಗಟ್ಟಿ ಪೆಟ್ಟಿಗೆಯೊಳಗೆ ಕೂಡಿಸಿದರೆ ಅದು ‘ಪ್ಯಾಕ್’. “ಬ್ಯಾಟರಿ ನಾವೇ ಮಾಡುತ್ತೇವೆ” ಎಂದು ಕಂಪನಿ ಹೇಳಿದರೆ, ಬಹಳ ಸಲ ಪ್ಯಾಕ್ ಅವರದು, ಸೆಲ್ ಬೇರೆಯವರದು. ಮೇಷ್ಟ್ರಿಗೆ ಶೋರೂಮಿನಲ್ಲಿ ಗೊಂದಲವಾದದ್ದು ಇಲ್ಲೇ. ಸೇಲ್ಸ್‌ನವರೂ ತಪ್ಪು ಹೇಳಿರಲಿಲ್ಲ, ಇವರು ಕೇಳಿದ್ದೂ ತಪ್ಪಲ್ಲ.

ಬ್ಯಾಟರಿಯ ಗಾತ್ರವನ್ನು ಕಿಲೋವ್ಯಾಟ್-ಅವರ್‌ನಲ್ಲಿ ಹೇಳುತ್ತಾರೆ. ಹೆದರಬೇಕಿಲ್ಲ, ಬೆಸ್ಕಾಂ ಬಿಲ್ಲಿನಲ್ಲಿ ಬರುವ ಒಂದು ಯೂನಿಟ್ ಅಂದರೆ ಅದೇ. 59 ಕಿಲೋವ್ಯಾಟ್-ಅವರ್ ಬ್ಯಾಟರಿ ಎಂದರೆ 59 ಯೂನಿಟ್ ಹಿಡಿಯುವ ಕೊಡ. 2024ರಲ್ಲಿ ಜಗತ್ತಿನ ಸರಾಸರಿ ಲೆಕ್ಕದಲ್ಲಿ ಒಂದು ಯೂನಿಟ್ ಹಿಡಿಯುವ ಪ್ಯಾಕಿಗೆ ಸುಮಾರು 115 ಡಾಲರ್ ಆಗುತ್ತಿತ್ತು; 2010ರಲ್ಲಿ ಅದು ಸಾವಿರ ಡಾಲರ್‌ಗೂ ಮೇಲಿತ್ತು. ಆ ಸರಾಸರಿ ಹಿಡಿದರೆ 59 ಯೂನಿಟ್‌ನ ಪ್ಯಾಕಿಗೆ ನಮ್ಮ ದುಡ್ಡಿನಲ್ಲಿ ಆರು ಲಕ್ಷದ ಹತ್ತಿರ. ಅಷ್ಟು ಬ್ಯಾಟರಿಯ ಮಹೀಂದ್ರ ಬಿಇ 6 ಬಿಡುಗಡೆಯಾದಾಗ ಅದರ ಆರಂಭದ ಎಕ್ಸ್-ಶೋರೂಮ್ ಬೆಲೆ 18.90 ಲಕ್ಷ. ಒಂದೇ ಸಾಮಾನು ಗಾಡಿಯ ಬೆಲೆಯ ಮೂರರಲ್ಲೊಂದು ಪಾಲು ತಿನ್ನುವಾಗ, ಅದನ್ನು ಯಾರು ಅಗ್ಗವಾಗಿ ಮಾಡುತ್ತಾರೋ ಅವರ ಬಾಗಿಲಿಗೆ ಎಲ್ಲರೂ ಹೋಗಲೇಬೇಕು.

ಆ ಬಾಗಿಲು ಬಹುಮಟ್ಟಿಗೆ ಚೀನಾದಲ್ಲಿದೆ, ಅದಕ್ಕೊಂದು ಕಥೆಯಿದೆ. ಕಾರಿನ ಬ್ಯಾಟರಿಗಳಲ್ಲಿ ಎರಡು ಮುಖ್ಯ ಜಾತಿ. ನಿಕ್ಕೆಲ್, ಮ್ಯಾಂಗನೀಸ್, ಕೋಬಾಲ್ಟ್ ಸೇರಿದ್ದು ಒಂದು: ಹಗುರ, ಹೆಚ್ಚು ದೂರ ಓಡಿಸುತ್ತದೆ, ದುಬಾರಿ. ಕಬ್ಬಿಣ ಮತ್ತು ಫಾಸ್ಫೇಟ್ ಬಳಸುವ ಎಲ್‌ಎಫ್‌ಪಿ ಇನ್ನೊಂದು: ತೂಕ ಹೆಚ್ಚು, ಆದರೆ ಅಗ್ಗ, ಬಾಳಿಕೆ ಹೆಚ್ಚು, ಬೆಂಕಿಯ ಅಪಾಯ ಕಡಿಮೆ. ಎಲ್‌ಎಫ್‌ಪಿಯ ಮೂಲ ಸಂಶೋಧನೆ ಚೀನಾದ್ದಲ್ಲ. 1990ರ ದಶಕದಲ್ಲಿ ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾಲಯದಲ್ಲಿ ಜಾನ್ ಗುಡಿನಫ್ ಅವರ ತಂಡ ಅದನ್ನು ಕಂಡುಹಿಡಿಯಿತು. ಅವರಿಗೆ ಮುಂದೆ, 2019ರಲ್ಲಿ, ಲಿಥಿಯಂ ಬ್ಯಾಟರಿಯ ಕೆಲಸಕ್ಕೆ ನೊಬೆಲ್ ಬಂತು. ಭಾರ ಹೆಚ್ಚು, ಶಕ್ತಿ ಕಡಿಮೆ ಎಂದು ಪಶ್ಚಿಮದ ಕಾರು ಕಂಪನಿಗಳು ಅದನ್ನು ಪಕ್ಕಕ್ಕಿಟ್ಟವು. ಚೀನಾದವರು ಪಟ್ಟು ಹಿಡಿದು ಅದನ್ನೇ ಮಾಡುತ್ತ ಹೋದರು, ಮಾಡಿ ಮಾಡಿ ಕೈ ಪಳಗಿತು, ಬೆಲೆ ಇಳಿಯಿತು.

ಬಿವೈಡಿ 1995ರಲ್ಲಿ ಚೀನಾದ ಶೆನ್ಜೆನ್‌ನಲ್ಲಿ ಶುರುವಾದದ್ದು ಕಾರು ಕಂಪನಿಯಾಗಿ ಅಲ್ಲ, ಬ್ಯಾಟರಿ ಮಾಡುವ ಕಂಪನಿಯಾಗಿ. ಮೊಬೈಲ್ ಫೋನುಗಳಿಗೆ ಬ್ಯಾಟರಿ ಕೊಡುತ್ತಿತ್ತು. 2003ರಲ್ಲಿ ಚಿಕ್ಕ ಕಾರು ಕಂಪನಿಯೊಂದನ್ನು ಕೊಂಡು ಈ ಕಡೆಗೆ ಬಂತು. 2020ರಲ್ಲಿ ಅದು ತಂದ ‘ಬ್ಲೇಡ್’ ಬ್ಯಾಟರಿಯಲ್ಲಿ ಎಲ್‌ಎಫ್‌ಪಿ ಸೆಲ್‌ಗಳು ಉದ್ದನೆಯ ಪಟ್ಟಿಯಂತಿವೆ. ಸೆಲ್‌ಗಳನ್ನು ಚಿಕ್ಕ ಡಬ್ಬಗಳಲ್ಲಿಟ್ಟು, ಆ ಡಬ್ಬಗಳನ್ನು ದೊಡ್ಡ ಡಬ್ಬದಲ್ಲಿಡುವ ಬದಲು, ಪಟ್ಟಿಗಳನ್ನೇ ನೇರವಾಗಿ ದೊಡ್ಡ ಡಬ್ಬದಲ್ಲಿ ಜೋಡಿಸುತ್ತಾರೆ. ಕಪಾಟಿನಲ್ಲಿ ಪುಸ್ತಕಗಳನ್ನು ರಟ್ಟಿನ ಪೆಟ್ಟಿಗೆ ಸಮೇತ ಇಡುವುದಕ್ಕೂ ಬರೀ ಪುಸ್ತಕಗಳನ್ನು ನಿಲ್ಲಿಸಿ ಜೋಡಿಸುವುದಕ್ಕೂ ಎಷ್ಟು ವ್ಯತ್ಯಾಸವೋ ಅಷ್ಟು: ಅದೇ ಜಾಗದಲ್ಲಿ ಹೆಚ್ಚು ಹಿಡಿಯುತ್ತದೆ. ಎಲ್‌ಎಫ್‌ಪಿಯ ದೊಡ್ಡ ಕೊರತೆ ಹೀಗೆ ಒಂದಿಷ್ಟು ನೀಗಿತು.

ಈಗ ಟೊಯೋಟಾ ಚೀನಾದಲ್ಲಿ ಮಾರುವ ಬಿಝಡ್3 ಕಾರಿನಲ್ಲಿ ಬಿವೈಡಿಯ ಬ್ಯಾಟರಿ ಇದೆ. ಮಹೀಂದ್ರದ ಬಿಇ 6, ಎಕ್ಸ್‌ಇವಿ 9ಇ ಕಾರುಗಳ ಸೆಲ್ ಬಿವೈಡಿಯದು. ಗುಜರಾತಿನ ಹನ್ಸಾಲ್‌ಪುರದಲ್ಲಿ ತಯಾರಾಗುವ ಸುಜುಕಿ ಇ-ವಿಟಾರಾಕ್ಕೂ ಸೆಲ್ ಅಲ್ಲಿಂದಲೇ. ಈ ಎಲ್ಲರಿಗೂ ಬಿವೈಡಿ ಸರಬರಾಜುದಾರನೂ ಹೌದು, ಮಾರುಕಟ್ಟೆಯಲ್ಲಿ ಎದುರು ನಿಂತು ಕಾರು ಮಾರುವವನೂ ಹೌದು.

ಸಾಫ್ಟ್‌ವೇರ್: ಮಹಡಿಗೊಂದು ಡಿಬಿ

ಬ್ಯಾಟರಿಯಾದರೂ ಕಣ್ಣಿಗೆ ಕಾಣುವ ವಸ್ತು. ಸಾಫ್ಟ್‌ವೇರನ್ನು ಎದುರಾಳಿಯಿಂದ ಏಕೆ ಕೊಳ್ಳಬೇಕು? ಅದೂ ಸಾಫ್ಟ್‌ವೇರಿನ ಊರಾದ ಬೆಂಗಳೂರಿನಲ್ಲೇ ದೊಡ್ಡ ದೊಡ್ಡ ಕಾರು ಕಂಪನಿಗಳ ಎಂಜಿನಿಯರಿಂಗ್ ಕೇಂದ್ರಗಳಿರುವಾಗ?

ಹಳೆಯ ಕಾರಿನ ವೈರಿಂಗನ್ನು ಊಹಿಸಿಕೊಳ್ಳಿ. ಪವರ್ ವಿಂಡೋ ಬಂದಾಗ ಅದಕ್ಕೊಂದು ಪುಟ್ಟ ಕಂಪ್ಯೂಟರ್ ಸೇರಿಸಿದರು. ಏರ್‌ಬ್ಯಾಗ್ ಬಂತು, ಇನ್ನೊಂದು. ಬ್ರೇಕ್ ಒತ್ತಿದಾಗ ಚಕ್ರ ಜಾರದಂತೆ ತಡೆಯುವ ಎಬಿಎಸ್‌ಗೆ ಮತ್ತೊಂದು. ಒಂದೊಂದನ್ನೂ ಒಬ್ಬೊಬ್ಬ ಸರಬರಾಜುದಾರ ತನ್ನದೇ ಸಾಫ್ಟ್‌ವೇರ್ ಹಾಕಿ ಮುಚ್ಚಿ ಕೊಟ್ಟ. ಹೀಗೆ ಹತ್ತಾರು ಪೆಟ್ಟಿಗೆಗಳಾದವು, ದುಬಾರಿ ಕಾರುಗಳಲ್ಲಿ ನೂರರ ಹತ್ತಿರ. ವಠಾರದ ಮನೆಯಲ್ಲಿ ಬಾಡಿಗೆದಾರರು ಬಂದ ಹಾಗೆಲ್ಲ ಮೀಟರ್ ಬೋರ್ಡಿನಿಂದ ಒಂದೊಂದು ವೈರು ಎಳೆದರೆ ಗೋಡೆಯ ಗತಿ ಏನಾಗುತ್ತದೋ ಅದೇ ಆಯಿತು. ಎಲ್ಲಿ ಮುಟ್ಟಿದರೆ ಎಲ್ಲಿ ಫ್ಯೂಸ್ ಹೋಗುತ್ತದೋ ಯಾರಿಗೂ ಪೂರ್ತಿ ಗೊತ್ತಿಲ್ಲ. ಅಂಥ ಕಾರಿಗೆ ಮೊಬೈಲಿನಂತೆ ರಾತ್ರೋರಾತ್ರಿ ಅಪ್‌ಡೇಟ್ ಕಳಿಸುವುದು ಬಹಳ ಕಷ್ಟ.

ಖಾಲಿ ಸೈಟಿನಲ್ಲಿ ಹೊಸದಾಗಿ ಮನೆ ಕಟ್ಟಿದ ಟೆಸ್ಲಾ, ರಿವಿಯನ್, ಚೀನಾದ ಎಕ್ಸ್‌ಪೆಂಗ್‌ನಂಥವರು ಬೇರೆ ದಾರಿ ಹಿಡಿದರು. ಮಹಡಿಗೊಂದು ಡಿಬಿ (ವಿದ್ಯುತ್ ಹಂಚುವ ಪೆಟ್ಟಿಗೆ) ಇಟ್ಟು, ಎಲ್ಲವನ್ನೂ ಒಂದೇ ಕಡೆಯಿಂದ ನಡೆಸುವಂತೆ, ಕಾರನ್ನು ಕೆಲವು ವಲಯಗಳಾಗಿ ಭಾಗಿಸಿ ಒಂದೊಂದಕ್ಕೂ ಒಂದು ಶಕ್ತಿಶಾಲಿ ಕಂಪ್ಯೂಟರ್ ಇಟ್ಟರು. ರಿವಿಯನ್ ತನ್ನ ಆರ್1 ಕಾರುಗಳ ಎರಡನೇ ತಲೆಮಾರಿನಲ್ಲಿ ಇಂಥ ಪೆಟ್ಟಿಗೆಗಳನ್ನು 17ರಿಂದ 7ಕ್ಕೆ ಇಳಿಸಿತು. ಅದರಿಂದ ಸುಮಾರು ಎರಡೂವರೆ ಕಿಲೋಮೀಟರ್ ಉದ್ದದ ವೈರು ಉಳಿಯಿತು. ಒಂದು ಕಾರಿನಲ್ಲಿ!

ಫೋಕ್ಸ್‌ವ್ಯಾಗನ್ ಈ ಕೆಲಸವನ್ನು ತಾನೇ ಮಾಡಲು ಕಾರಿಯಾಡ್ ಎಂಬ ಸಾಫ್ಟ್‌ವೇರ್ ಕಂಪನಿಯನ್ನೇ ಕಟ್ಟಿತ್ತು. ಕೆಲಸ ಹಿಂದೆ ಬಿತ್ತು. ಎಲೆಕ್ಟ್ರಿಕ್ ಪೋರ್ಷ ಮಕಾನ್, ಆಡಿ ಕ್ಯೂ6 ಇ-ಟ್ರಾನ್ ಕಾರುಗಳು ಸಾಫ್ಟ್‌ವೇರ್ ಸಿದ್ಧವಾಗದೆ ತಡವಾದವು. ಆಮೇಲೆ ಅದು ಎರಡು ಬಾಗಿಲು ತಟ್ಟಿತು. ಚೀನಾದ ಕಾರುಗಳಿಗೆ ಎಕ್ಸ್‌ಪೆಂಗ್: 2023ರಲ್ಲಿ ಸುಮಾರು 70 ಕೋಟಿ ಡಾಲರ್ ಕೊಟ್ಟು ಹತ್ತಿರ ಹತ್ತಿರ ಶೇ 5ರಷ್ಟು ಪಾಲು ತೆಗೆದುಕೊಂಡಿತು. ಪಶ್ಚಿಮದ ಮಾರುಕಟ್ಟೆಗೆ ರಿವಿಯನ್: 2024ರಲ್ಲಿ ಇಬ್ಬರೂ ಸೇರಿ ಜಂಟಿ ಕಂಪನಿ ಮಾಡಿದರು. ತೊಂಬತ್ತು ವರ್ಷ ಹತ್ತಿರವಾಗುತ್ತಿರುವ ಕಂಪನಿ ತನಗೆ ಬಾರದ್ದನ್ನು ಒಪ್ಪಿಕೊಂಡು ಕಿರಿಯರ ಬಳಿ ಹೋದದ್ದನ್ನು ನಾನು ಸೋಲೆಂದು ಎಣಿಸುವುದಿಲ್ಲ. ಅದಕ್ಕೆ ತಲೆ ತಗ್ಗಿಸುವ ಧೈರ್ಯ ಬೇಕು.

ಪ್ಲಾಟ್‌ಫಾರ್ಮ್ ಎಂಬ ತಳಪಾಯ

ಚಾಸಿ, ಬ್ಯಾಟರಿ ಕೂರುವ ಜಾಗ, ಮೋಟಾರು, ಚಕ್ರಗಳ ಜೋಡಣೆ ಇವೆಲ್ಲ ಸೇರಿದ ಕೆಳಭಾಗವೇ ‘ಪ್ಲಾಟ್‌ಫಾರ್ಮ್’. ಒಂದೇ ತಳಪಾಯದ ಮೇಲೆ ಬೇರೆ ಬೇರೆ ಎಲಿವೇಶನ್ ಮನೆ ಕಟ್ಟಬಹುದಲ್ಲ, ಹಾಗೆ. ಯುರೋಪಿನಲ್ಲಿ ಮಾರುವ ಫೋರ್ಡ್‌ನ ಎಲೆಕ್ಟ್ರಿಕ್ ಎಕ್ಸ್‌ಪ್ಲೋರರ್ ನಿಂತಿರುವುದು ಫೋಕ್ಸ್‌ವ್ಯಾಗನ್‌ನ ಎಂಇಬಿ ತಳಪಾಯದ ಮೇಲೆ. ಅಮೆರಿಕದ ಹೋಂಡಾ ಪ್ರೊಲಾಗ್‌ಗೆ ಜನರಲ್ ಮೋಟಾರ್ಸ್‌ನ ಅಲ್ಟಿಯಮ್. ಮಹೀಂದ್ರದ ತಳಪಾಯ ಇಂಗ್ಲೊ ಅದರದ್ದೇ. ಆದರೆ ಅದಕ್ಕೆ ಎಂಇಬಿಯ ಕೆಲವು ವಿದ್ಯುತ್ ಭಾಗಗಳನ್ನು ಪಡೆಯಲು 2024ರ ಫೆಬ್ರುವರಿಯಲ್ಲಿ ಫೋಕ್ಸ್‌ವ್ಯಾಗನ್ ಜೊತೆ ಒಪ್ಪಂದವಾಗಿದೆ.

ಕೊಳ್ಳುವುದರಲ್ಲೂ ಬಗೆಗಳಿವೆ

ಗಾಂಧಿಬಜಾರಿನಲ್ಲಿ ಒಂದು ಹಳೆಯ ಹೋಟೆಲು ಇದೆ ಎಂದುಕೊಳ್ಳಿ. ಅವರ ಇಡ್ಲಿ, ಉಪ್ಪಿಟ್ಟಿಗೆ ಹೆಸರು. ಇದ್ದಕ್ಕಿದ್ದಂತೆ ಗಿರಾಕಿಗಳೆಲ್ಲ ಬೆಣ್ಣೆ ದೋಸೆ ಕೇಳತೊಡಗಿದರು. ಎದುರು ಹೋಟೆಲಿನವನ ದೋಸೆ ಚೆನ್ನಾಗಿದೆ.

ಇವರು ಅವನಿಂದ ದಿನಾ ಹಿಟ್ಟು ತರಿಸಬಹುದು. ಸೆಲ್ ಕೊಳ್ಳುವುದು ಹೀಗೆ. ಹುಯ್ಯುವುದು, ಬಡಿಸುವುದು ಇವರದೇ. ಅಥವಾ ದುಡ್ಡು ಕೊಟ್ಟು ಹದ ಕಲಿತು, ತಮ್ಮ ಅಡುಗೆಮನೆಯಲ್ಲೇ ರುಬ್ಬಬಹುದು. ಇದು ಲೈಸೆನ್ಸ್. ಅಮೆರಿಕದ ಮಿಶಿಗನ್ ರಾಜ್ಯದಲ್ಲಿ ಫೋರ್ಡ್ 2023ರಲ್ಲಿ ಘೋಷಿಸಿದ ಎಲ್‌ಎಫ್‌ಪಿ ಕಾರ್ಖಾನೆ ಪೂರ್ತಿ ಫೋರ್ಡ್‌ನದು, ತಂತ್ರಜ್ಞಾನ ಮಾತ್ರ ಚೀನಾದ ಬ್ಯಾಟರಿ ಕಂಪನಿ ಸಿಎಟಿಎಲ್‌ನದು. ಇಲ್ಲವೇ ಎದುರು ಹೋಟೆಲಿನಲ್ಲಿ ಪಾಲು ತೆಗೆದುಕೊಂಡು, ಇಬ್ಬರೂ ಸೇರಿ ಮೂರನೇ ಹೋಟೆಲು ತೆರೆಯಬಹುದು. ಸ್ಟೆಲ್ಲಾಂಟಿಸ್ ಮಾಡಿದ್ದು ಅದನ್ನು: ಲೀಪ್‌ಮೋಟಾರ್‌ನ ಸುಮಾರು ಐದನೇ ಒಂದು ಪಾಲು ಕೊಂಡಿತು, ಚೀನಾದ ಹೊರಗೆ ಅದರ ಕಾರು ಮಾರಲು ಶೇ 51ರ ಪಾಲಿನ ಜಂಟಿ ಕಂಪನಿ ಮಾಡಿತು. ಕೊನೆಯದು, ಎದುರಿನಿಂದ ಪಾರ್ಸಲ್ ತಂದು ನಮ್ಮ ತಟ್ಟೆಗೆ ಹಾಕಿ ಬಡಿಸುವುದು. ಇ-ವಿಟಾರಾ ಟೊಯೋಟಾಕ್ಕೆ ಅರ್ಬನ್ ಕ್ರೂಸರ್ ಆಗುವುದು ಹೀಗೆ. ಆದರೆ ಇಲ್ಲೊಂದು ಮಾತು ಹೇಳಲೇಬೇಕು: ಅದರ ತಳಪಾಯವನ್ನು ಸುಜುಕಿ, ಟೊಯೋಟಾ, ಡೈಹಟ್ಸು ಮೂವರೂ ಸೇರಿ ರೂಪಿಸಿದ್ದಾರೆ, ಹಾಗಾಗಿ ಇದು ಅಪ್ಪಟ ಪಾರ್ಸಲ್ ಅಲ್ಲ.

ಭಾರತದಲ್ಲಿ ಜನ ಮೆಚ್ಚಿದ ಎಂಜಿ ವಿಂಡ್ಸರ್ ಕೂಡ ಮೂಲದಲ್ಲಿ ಚೀನಾದ ವೂಲಿಂಗ್ ಕ್ಲೌಡ್ ಕಾರು. ಎಂಜಿ ಎಂಬ ಬ್ರಿಟಿಷ್ ಹೆಸರು ಈಗ ಸಾಯಿಕ್‌ನದು, ಇಲ್ಲಿ ಅದರ ಜೊತೆಗಾರ ಜೆಎಸ್‌ಡಬ್ಲ್ಯು, ಕಾರು ಜೋಡಿಸುವುದು ಗುಜರಾತಿನ ಹಾಲೋಲ್‌ನಲ್ಲಿ. ಮೇಷ್ಟ್ರ ಮೂರನೇ ಕೊಟೇಶನ್ ಇದೇ.

ಇನ್ನೊಂದು ವಿಚಿತ್ರ ವ್ಯಾಪಾರವೂ ಇದೆ, ಅದರಲ್ಲಿ ವಸ್ತುವೇ ಕೈ ಬದಲಾಗುವುದಿಲ್ಲ. ಯುರೋಪಿನಲ್ಲಿ ಒಂದು ಕಂಪನಿ ಮಾರುವ ಕಾರುಗಳ ಸರಾಸರಿ ಹೊಗೆ ಮಿತಿ ಮೀರಿದರೆ ದಂಡ. ಎಲೆಕ್ಟ್ರಿಕ್ ಕಾರು ಮಾರುವವರ ಜೊತೆ ಲೆಕ್ಕ ಒಂದು ಮಾಡಿಕೊಂಡರೆ ಸರಾಸರಿ ಇಳಿಯುತ್ತದೆ. 2019ರಲ್ಲಿ ಫಿಯಟ್ ಕ್ರೈಸ್ಲರ್ ಹೀಗೆ ಟೆಸ್ಲಾಗೆ ದುಡ್ಡು ಕೊಟ್ಟು ಲೆಕ್ಕ ಸೇರಿಸಿಕೊಂಡಿತು. ಬೇರೆ ಬೇರೆ ದೇಶಗಳ ಇಂಥ ಕ್ರೆಡಿಟ್ ಮಾರಾಟದಿಂದಲೇ ಟೆಸ್ಲಾಗೆ 2024ರಲ್ಲಿ 276 ಕೋಟಿ ಡಾಲರ್ ಬಂತು.

ಎದುರಾಳಿ ಏಕೆ ಮಾರುತ್ತಾನೆ?

ತನ್ನ ಗುಟ್ಟನ್ನು ಯಾರಾದರೂ ಮಾರುತ್ತಾರೆಯೇ? ದುಡ್ಡು ಬೇಕಾದಾಗ ಮಾರುತ್ತಾರೆ. 2009ರಲ್ಲಿ ಟೆಸ್ಲಾ ಕೈ ಬರಿದಾಗುವ ಸ್ಥಿತಿಯಲ್ಲಿದ್ದಾಗ ಮರ್ಸಿಡಿಸ್‌ನ ಒಡೆಯ ಡೈಮ್ಲರ್ 5 ಕೋಟಿ ಡಾಲರ್ ಕೊಟ್ಟು ಸುಮಾರು ಶೇ 10ರ ಪಾಲು ತೆಗೆದುಕೊಂಡಿತು, ತನ್ನ ಸ್ಮಾರ್ಟ್ ಕಾರಿಗೆ ಟೆಸ್ಲಾದ ಬ್ಯಾಟರಿ ಹಾಕಿತು. ಮರುವರ್ಷ ಟೊಯೋಟಾ ಕೂಡ ಅಷ್ಟೇ ಹಣ ಹೂಡಿತು. 2012ರ ಎಲೆಕ್ಟ್ರಿಕ್ ರಾವ್4 ಕಾರಿಗೆ ಟೆಸ್ಲಾದ ಮೋಟಾರು, ಬ್ಯಾಟರಿ ಬಂದವು. 2014ರಲ್ಲಿ ಡೈಮ್ಲರ್ ಉಳಿದ ಪಾಲು ಮಾರಿ 78 ಕೋಟಿ ಡಾಲರ್ ಪಡೆದು ಹೊರಬಂತು. ಲಾಭ ಬಂತು ನಿಜ, ಆದರೆ ಬಿಟ್ಟುಬಂದ ಪಾಲು ಮುಂದೆ ಏನಾಗಿರುತ್ತಿತ್ತು ಎಂಬುದು ಷೇರುಪೇಟೆ ಬಲ್ಲವರಿಗೆ ಗೊತ್ತು.

ದುಡ್ಡಿಗಿಂತ ದೊಡ್ಡ ಕಾರಣ ಗಾತ್ರ. ಬ್ಯಾಟರಿ ಕಾರ್ಖಾನೆ ಅಂದರೆ ಮುಂಗಡ ಹೂಡಿಕೆಯೇ ಸಾವಿರಾರು ಕೋಟಿ. ಹೆಚ್ಚು ಸೆಲ್ ಮಾಡಿದಷ್ಟೂ ಒಂದೊಂದರ ಮೇಲಿನ ಖರ್ಚು ಇಳಿಯುತ್ತದೆ. ತನ್ನ ಕಾರುಗಳಿಗಷ್ಟೇ ಮಾಡಿದರೆ ಯಂತ್ರ ಖಾಲಿ ಕೂರುತ್ತದೆ. ಎದುರಾಳಿಗೆ ಮಾರಿದರೂ ಸರಿ, ಯಂತ್ರ ಓಡಬೇಕು. ಇನ್ನು ಲೀಪ್‌ಮೋಟಾರ್‌ನಂಥ ಹೊಸಬರಿಗೆ ಪರದೇಶದಲ್ಲಿ ಶೋರೂಮಿಲ್ಲ, ಸರ್ವಿಸ್ ಸ್ಟೇಷನ್ನಿಲ್ಲ, ಹೆಸರು ಕೇಳಿದವರಿಲ್ಲ. ಅದು ಹಳಬರ ಬಳಿ ಧಾರಾಳವಾಗಿದೆ.

ಬೆಂಗಳೂರಿಗೆ ಇದು ಹೊಸ ಸುದ್ದಿಯಲ್ಲ

ಬೊಮ್ಮಸಂದ್ರದ ಕೈಗಾರಿಕಾ ಪ್ರದೇಶದಲ್ಲಿ ಹುಟ್ಟಿದ ರೇವಾ ನೆನಪಿದೆಯೇ? ಚೇತನ್ ಮೈನಿ ಮತ್ತು ಅವರ ತಂಡ ರೂಪಿಸಿ 2001ರಲ್ಲಿ ಮಾರಾಟಕ್ಕೆ ತಂದ ಎರಡು ಬಾಗಿಲಿನ ಪುಟ್ಟ ಎಲೆಕ್ಟ್ರಿಕ್ ಕಾರು. ಜಯನಗರದ ರಸ್ತೆಗಳಲ್ಲಿ ಸದ್ದಿಲ್ಲದೆ ಹೋಗುತ್ತಿದ್ದ ಅದನ್ನು ಮಕ್ಕಳು ನಿಂತು ನೋಡುತ್ತಿದ್ದರು. ಲಂಡನ್ನಿನಲ್ಲಿ ಅದೇ ಕಾರು ಜಿ-ವಿಜ್ ಎಂಬ ಹೆಸರಲ್ಲಿ ಓಡಾಡಿತು. ಆಗ ಅದರಲ್ಲಿದ್ದದ್ದು ಯುಪಿಎಸ್‌ಗೆ ಹಾಕುವ ಜಾತಿಯ ಸೀಸ-ಆಮ್ಲ ಬ್ಯಾಟರಿ.

2009ರಲ್ಲಿ ಜನರಲ್ ಮೋಟಾರ್ಸ್‌ನ ಭಾರತದ ಕಂಪನಿ ತನ್ನ ಸ್ಪಾರ್ಕ್ ಕಾರನ್ನು ಎಲೆಕ್ಟ್ರಿಕ್ ಮಾಡಲು ರೇವಾ ಜೊತೆ ಒಪ್ಪಂದ ಮಾಡಿಕೊಂಡಿತು. ಆಗಲೇ ನೂರು ವರ್ಷ ದಾಟಿದ್ದ ಕಂಪನಿ ಬೆಂಗಳೂರಿನ ಚಿಕ್ಕ ಕಂಪನಿಯ ತಂತ್ರಜ್ಞಾನ ಕೇಳಿ ಬಂದ ಗಳಿಗೆ ಅದು. ಮರುವರ್ಷ, 2010ರ ಮೇ ತಿಂಗಳಲ್ಲಿ, ಮಹೀಂದ್ರ ರೇವಾದ ಶೇ 55.2ರಷ್ಟು ಪಾಲು ಕೊಂಡಿತು. ಎದುರಾಳಿಯ ಕೈಸೇರಿದ ಕಂಪನಿಯ ಜೊತೆ ಮುಂದುವರಿಯಲು ಜನರಲ್ ಮೋಟಾರ್ಸ್ ಒಪ್ಪಲಿಲ್ಲ, ಆ ಒಪ್ಪಂದ ಅಲ್ಲಿಗೇ ನಿಂತಿತು. ಎದುರಾಳಿಯಿಂದ ತಂತ್ರಜ್ಞಾನ ಕೊಳ್ಳುವುದರ ಮುಖ್ಯ ಅಪಾಯವನ್ನು ನಮ್ಮ ಊರು ಆಗಲೇ ನೋಡಿತ್ತು: ನೀವು ನೆಚ್ಚಿಕೊಂಡವನ ಮನೆಗೆ ನಾಳೆ ಬೇರೆ ಯಜಮಾನ ಬರಬಹುದು. ಮಹೀಂದ್ರ ಮಾತ್ರ ರೇವಾದ ಬೇರಿನಿಂದಲೇ 2013ರಲ್ಲಿ ಇ2ಒ ತಂದಿತು. ಅದರ ಎಲೆಕ್ಟ್ರಿಕ್ ಕಾರುಗಳ ವಂಶಾವಳಿ ಶುರುವಾಗುವುದು ಬೊಮ್ಮಸಂದ್ರದಿಂದ.

ಸ್ಕೂಟರಿನಲ್ಲೂ ಹೀಗೇ ಆಗಿದೆ. ಐಐಟಿ ಮದ್ರಾಸಿನ ಇಬ್ಬರು ಗೆಳೆಯರು, ತರುಣ್ ಮೆಹ್ತಾ ಮತ್ತು ಸ್ವಪ್ನಿಲ್ ಜೈನ್, 2013ರಲ್ಲಿ ಶುರುಮಾಡಿದ ಏಥರ್ ಬೆಂಗಳೂರಿನಲ್ಲಿ ಬೆಳೆಯಿತು. ಮೋಟಾರ್‌ಸೈಕಲ್ ದೈತ್ಯ ಹೀರೊ ಮೋಟೊಕಾರ್ಪ್ 2016ರಲ್ಲಿ 205 ಕೋಟಿ ರೂಪಾಯಿ ಹಾಕಿ ಪಾಲುದಾರನಾಯಿತು. ಆಮೇಲೆ 2022ರಲ್ಲಿ ತನ್ನದೇ ವಿಡಾ ಸ್ಕೂಟರ್ ತಂದಿತು. ಪಾಲುದಾರನೂ ತಾನೇ, ಎದುರಾಳಿಯೂ ತಾನೇ! ಆದರೆ ವಿಡಾದ ಚಾರ್ಜಿಂಗ್ ಪ್ಲಗ್ಗು ಏಥರ್ ವಿನ್ಯಾಸ ಮಾಡಿದ್ದು, ಇಬ್ಬರ ಚಾರ್ಜರ್‌ಗಳನ್ನೂ ಇಬ್ಬರ ಗಿರಾಕಿಗಳೂ ಬಳಸಬಹುದು. ಆ ಪ್ಲಗ್ಗಿನ ವಿನ್ಯಾಸವನ್ನು ಭಾರತೀಯ ಮಾನಕ ಬ್ಯೂರೊ (ಬಿಐಎಸ್) 2023ರಲ್ಲಿ ದೇಶದ ಮಾನಕವಾಗಿ ಒಪ್ಪಿತು. ಕಾರುಗಳಲ್ಲಂತೂ ಭಾರತದಲ್ಲಿ ಸಿಸಿಎಸ್2 ಪ್ಲಗ್ಗೇ ಸಾಮಾನ್ಯವಾಗಿರುವುದರಿಂದ ಪ್ಲಗ್ಗಿನ ಚಿಂತೆ ನಮಗಿಲ್ಲ.

ಕೊಡುವವರು ಬಾಗಿಲು ಮುಚ್ಚಿದರೆ?

2025ರ ಏಪ್ರಿಲ್‌ನಲ್ಲಿ ಚೀನಾ ಕೆಲವು ವಿರಳ ಲೋಹಗಳ ಮತ್ತು ಅವುಗಳಿಂದ ಮಾಡಿದ ಅಯಸ್ಕಾಂತಗಳ ರಫ್ತಿಗೆ ಪರವಾನಗಿ ಕಡ್ಡಾಯ ಮಾಡಿತು. ಹೆಚ್ಚಿನ ಎಲೆಕ್ಟ್ರಿಕ್ ಮೋಟಾರುಗಳೊಳಗೆ ಅಂಥ ಅಯಸ್ಕಾಂತಗಳಿವೆ. ಕೆಲವೇ ವಾರಗಳಲ್ಲಿ ಭಾರತದ ವಾಹನ ತಯಾರಕರಿಗೂ ಬಿಸಿ ತಟ್ಟಿತು. ಅದೇ ವರ್ಷ ಜುಲೈನಲ್ಲಿ ಎಲ್‌ಎಫ್‌ಪಿ ಬ್ಯಾಟರಿಯ ಒಳಸಾಮಗ್ರಿ ಮಾಡುವ ಕೆಲವು ತಂತ್ರಜ್ಞಾನಗಳನ್ನೂ ನಿರ್ಬಂಧದ ಪಟ್ಟಿಗೆ ಸೇರಿಸಿತು. ಅಂದರೆ ಹಿಟ್ಟು ಮಾರುತ್ತೇವೆ, ಹದ ಹೇಳಿಕೊಡುವ ಮುಂಚೆ ನಮ್ಮ ಸರ್ಕಾರವನ್ನು ಕೇಳಬೇಕು ಎಂದಂತೆ.

ಕೊಳ್ಳುವವರ ಕಡೆಯಿಂದಲೂ ಬೇಲಿಗಳಿವೆ. 2020ರ ಏಪ್ರಿಲ್‌ನಿಂದ, ನಮ್ಮ ಜೊತೆ ಭೂಗಡಿ ಇರುವ ದೇಶಗಳ ಹೂಡಿಕೆಗೆ ಕೇಂದ್ರ ಸರ್ಕಾರದ ಒಪ್ಪಿಗೆ ಕಡ್ಡಾಯವಾಯಿತು. ಎಂಜಿಯಲ್ಲಿ ಭಾರತೀಯ ಪಾಲುದಾರರು ಬಂದದ್ದು ಈ ನಿಯಮದ ನೆರಳಿನಲ್ಲಿ. ಅಮೆರಿಕ 2027ರ ಮಾದರಿ ವರ್ಷದಿಂದ ಇಂಟರ್ನೆಟ್‌ಗೆ ಜೋಡಿಸಿದ ಕಾರುಗಳಲ್ಲಿ ಚೀನಾ ಮೂಲದ ಸಾಫ್ಟ್‌ವೇರ್ ಬೇಡವೆಂದಿದೆ. ಯುರೋಪು ಚೀನಾದಲ್ಲಿ ತಯಾರಾದ ಎಲೆಕ್ಟ್ರಿಕ್ ಕಾರುಗಳ ಮೇಲೆ 2024ರಲ್ಲಿ ಶೇ 35.3ರವರೆಗೆ ಹೆಚ್ಚುವರಿ ಸುಂಕ ಹಾಕಿತು. ಫೋಕ್ಸ್‌ವ್ಯಾಗನ್ ಚೀನಾಕ್ಕೊಬ್ಬ, ಪಶ್ಚಿಮಕ್ಕೊಬ್ಬ ಎಂದು ಇಬ್ಬರು ಜೊತೆಗಾರರನ್ನು ಹುಡುಕಿಕೊಂಡದ್ದು ಏಕೆಂದು ಈ ಬೇಲಿಗಳನ್ನು ನೋಡಿದರೆ ಅರ್ಥವಾಗುತ್ತದೆ.

ಮೇಷ್ಟ್ರ ಪ್ರಶ್ನೆಗೆ ಬಂದರೆ

“ಇದೆಲ್ಲ ಸರಿ. ನಾಳೆ ಬ್ಯಾಟರಿ ಕೈಕೊಟ್ಟರೆ ನಾನು ಯಾರನ್ನ ಹಿಡೀಬೇಕು? ಚೀನಾಕ್ಕೆ ಹೋಗ್ಲಾ?” ಎಂದರು ಮೇಷ್ಟ್ರು.

ಬೇಡ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಉತ್ಪನ್ನದ ತಯಾರಕ ಯಾರು ಎಂಬುದಕ್ಕೆ ಕೊಟ್ಟಿರುವ ವಿವರಣೆ ಸ್ಪಷ್ಟವಾಗಿದೆ: ಬೇರೆಯವರು ಮಾಡಿದ ವಸ್ತುವಿನ ಮೇಲೆ ತನ್ನ ಗುರುತು ಹಾಕಿದವನೂ ತಯಾರಕನೇ. ಬಾನೆಟ್ ಮೇಲೆ ಯಾರ ಲಾಂಛನವಿದೆಯೋ ಅವರೇ ಜವಾಬ್ದಾರರು. ಅದೇ ವರ್ಷ ತಿದ್ದಿದ ಮೋಟಾರು ವಾಹನ ಕಾಯ್ದೆಯ ಪ್ರಕಾರ ದೋಷವಿರುವ ಗಾಡಿಗಳನ್ನು ವಾಪಸ್ ಕರೆಸಿಕೊಳ್ಳುವಂತೆ ಕಂಪನಿಗೆ ಆದೇಶಿಸುವ ಅಧಿಕಾರ ಕೇಂದ್ರ ಸರ್ಕಾರಕ್ಕಿದೆ. ಸೆಲ್ ಯಾವ ದೇಶದ್ದೇ ಇರಲಿ, ಇಲ್ಲಿ ಮಾರುವ ಕಾರಿನ ಬ್ಯಾಟರಿ ಎಐಎಸ್-038 ಎಂಬ ಸುರಕ್ಷತಾ ಪರೀಕ್ಷೆ ದಾಟಲೇಬೇಕು. 2022ರಲ್ಲಿ ಸ್ಕೂಟರುಗಳಿಗೆ ಬೆಂಕಿ ಬಿದ್ದ ಘಟನೆಗಳ ನಂತರ ಆ ನಿಯಮಗಳನ್ನು ಬಿಗಿ ಮಾಡಿದ್ದಾರೆ.

ಆದ್ದರಿಂದ ಸೆಲ್ ಯಾರದು ಎಂಬುದಕ್ಕಿಂತ ಶೋರೂಮಿನಲ್ಲಿ ಬೇರೆ ಪ್ರಶ್ನೆಗಳನ್ನು ಕೇಳಬೇಕೆಂದು ನನ್ನ ಅಭಿಪ್ರಾಯ. ಬ್ಯಾಟರಿಯ ಶಕ್ತಿ ಎಷ್ಟು ಶೇಕಡಕ್ಕೆ ಇಳಿದರೆ ವಾರಂಟಿ ಅನ್ವಯಿಸುತ್ತದೆ? ಪ್ಯಾಕಿನ ಒಂದು ಭಾಗ ಕೆಟ್ಟರೆ ಅದನ್ನಷ್ಟೇ ಬದಲಿಸುತ್ತಾರೋ, ಇಡೀ ಪ್ಯಾಕೋ? ಆ ರಿಪೇರಿ ಬೆಂಗಳೂರಿನಲ್ಲೇ ಆಗುತ್ತದೋ, ಗಾಡಿಯನ್ನು ಬೇರೆ ಊರಿಗೆ ಕಳಿಸಬೇಕೋ? ಸಾಫ್ಟ್‌ವೇರ್ ಅಪ್‌ಡೇಟ್ ಎಷ್ಟು ವರ್ಷ ಉಚಿತ? ಗಾಡಿ ಮಾರಿದರೆ ವಾರಂಟಿ ಎರಡನೇ ಮಾಲೀಕನಿಗೂ ಹೋಗುತ್ತದೋ?

ಮೇಷ್ಟ್ರು ಜೇಬಿನಿಂದ ಪೆನ್ನು ತೆಗೆದು ಕೊಟೇಶನ್ನಿನ ಹಿಂಬದಿಯಲ್ಲಿ ಐದನ್ನೂ ಬರೆದುಕೊಂಡರು. ಸೋಮವಾರ ಮತ್ತೆ ಶೋರೂಮಿಗೆ ಹೋದರು. ನಾಲ್ಕು ಕಂಪನಿಗಳಲ್ಲಿ ಎರಡು, ಎರಡನೇ ಮಾಲೀಕನ ಪ್ರಶ್ನೆಗೆ ಬರೆದು ಉತ್ತರ ಕೊಟ್ಟಿವೆ. ಉಳಿದೆರಡರ ಉತ್ತರಕ್ಕೆ ಅವರು ಇನ್ನೂ ಕಾಯುತ್ತಿದ್ದಾರೆ.